ತವರಿನ ಕಿವಿಗುರುತು

ಹಿಂದೂಪುರದ ಕುರಿ ಸಂತೆಯಲ್ಲಿ ಒಂದು ಕುರಿ ಮೂಗುಬಾಯಲ್ಲಿ ಕಪ್ಪುರಕ್ತ ಸುರಿಸಿ ಸತ್ತಿತು. ಮಾರನೆಯ ದಿನ ದನದ ಡಾಕ್ಟರು ಜಯಚಂದ್ರ ಲೇಪಾಕ್ಷಿಯ ಬೀರಕ್ಕನ ಮನೆ ಹುಡುಕಿಕೊಂಡು ಬಂದರು. ಕುರಿ ತಂದಿದ್ದ ದಲ್ಲಾಳಿ ಕಣ್ಮರೆಯಾಗಿದ್ದ. ಕುರಿಗಳಿಗೆ ನಂಬರಿನ ಬಿಲ್ಲೆ ಆಗಿನ್ನೂ ಬಂದಿರಲಿಲ್ಲ. ಡಾಕ್ಟರ ಕೈಯಲ್ಲಿದ್ದದ್ದು ಆ ಕುರಿಯ ಕಿವಿಯ ಚಿತ್ರ ಬರೆದ ಚೀಟಿಯೊಂದೇ: ಎಡಗಿವಿಯ ತುದಿಗೆ ಬೇವಿನೆಲೆಯಂಥ ಸೀಳು, ಕೆಳಗೊಂದು ಕಚ್ಚು.

"ಸಂತೇಲಿ ಎಲ್ರೂ ನಿಮ್ಮನೆ ಗುರುತು ಅಂತಾರಮ್ಮ. ಇದು ದೊಮ್ಮ ರೋಗ, ಆಂಥ್ರಾಕ್ಸ್. ಮೂಲ ಸಿಗ್ದಿದ್ರೆ ಅದು ಬಂದ ಮಂದೆಯೆಲ್ಲಾ ಹೋಗುತ್ತೆ. ಮಾಂಸ ಕೊಯ್ದೋರ ಕೈಗೂ ಹತ್ತುತ್ತೆ."

ಬೀರಕ್ಕ ಚೀಟಿಯ ಮೇಲೆ ಬೆರಳಾಡಿಸಿದಳು. ಗಂಡ ಮುತ್ಯಾಲಪ್ಪ ತೀರಿಕೊಂಡು ಒಂಬತ್ತು ವರ್ಷ. ಮರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಗುರುತಿಗೆಂದು ಕಿವಿಗೆ ಕತ್ತರಿ ಇಡುವ ಮುಂಚೆ ಅವನು ಬೀರದೇವರ ಪದ ಹೇಳುತ್ತಿದ್ದ:

ಕೊಯ್ದ ಕೈಯೇ ಕಾಯಲಿ,
ಹೋದ ಹಾದೀಲಿ ಹುಲ್ಲಿರಲಿ,
ಕರೆದರೆ ಓಗೊಡಲಿ.

ಪದ ಮುಗಿಯುವವರೆಗೆ ಮರಿ ಮಿಸುಕುತ್ತಿರಲಿಲ್ಲ. ಗಾಯಕ್ಕೆ ಅರಿಸಿನ ಮೆತ್ತುವುದು ಬೀರಕ್ಕನ ಪಾಲು.

"ಗುರುತು ನಮ್ದೇ ಕಣಪ್ಪ. ಆದ್ರೆ ಈ ವರ್ಸ ನಾವು ಒಂದೂ ಮಾರಿಲ್ಲ, ಒಂದೂ ಸತ್ತಿಲ್ಲ. ಬೇಕಾರೆ ರೊಪ್ಪದಾಗೆ ನೋಡ್ಕೋ."

ಡಾಕ್ಟರು ನೋಡಿದರು. ರೊಪ್ಪದ ಕುರಿಗಳೆಲ್ಲ ಗಟ್ಟಿಮುಟ್ಟಾಗಿ ಮೆಲುಕು ಹಾಕುತ್ತಿದ್ದವು. "ಹಂಗಾದ್ರೆ ಜಾಡು ಇಲ್ಲಿಗೇ ತಪ್ತು," ಎಂದು ಚೀಟಿ ಮಡಿಚಿದರು.

ಜಾಡು ತಪ್ಪಿಲ್ಲವೆಂದು ಬೀರಕ್ಕನಿಗೆ ಗೊತ್ತಿತ್ತು. ಕಲ್ಯಾಣದುರ್ಗದಾಚೆ ಬೆಳುಗುಪ್ಪಕ್ಕೆ ಮಗಳು ಗೌರಕ್ಕನನ್ನು ಕೊಟ್ಟಾಗ ಐದು ಕುರಿ ಬಳುವಳಿಯಾಗಿ ಹೋಗಿದ್ದವು. ಬಳುವಳಿ ಕುರಿಯ ಮರಿಮರಿಗಳಿಗೂ ತವರಿನ ಗುರುತೇ. ಗಂಡನ ಮನೆಯವರು ಬದಲಿಸುವಂತಿಲ್ಲ. ಈಗ ಬಾಯಿಬಿಟ್ಟರೆ ಮಗಳ ಮಂದೆಗೆ ಸಂತೆಯ ಬಾಗಿಲು ಮುಚ್ಚುತ್ತದೆ, ಬೆರಳು ತೋರಿಸಿದವಳು ಹೆತ್ತವಳೇ ಆಗುತ್ತಾಳೆ. ಸುಮ್ಮನಿದ್ದರೆ? ಅಳಿಯ ಕದಿರಣ್ಣ ಸತ್ತ ಕುರಿಯನ್ನು ಕೊಯ್ಯದೆ ಹಾಗೇ ಬಿಸಾಡುವವನಲ್ಲ.

"ನಿಲ್ಲಪ್ಪ, ಬೆಳುಗುಪ್ಪದಾಗೆ ನನ್ನ ಮಗಳ ಮಂದೇಗೂ ಇದೇ ಗುರುತು. ನಾನೂ ಬತ್ತೀನಿ. ನೀನೊಬ್ನೇ ಹೋದ್ರೆ ನಮ್ಮಳಿಯ ನಾಯಿ ಛೂ ಬಿಡ್ತಾನೆ."

"ನೀವು ಬಂದ್ರೆ?"

"ಆಗ್ಲೂ ಬಿಡ್ತಾನೆ. ಆದ್ರೆ ಆ ನಾಯೀನೂ ನಮ್ಮನೇದೇ."

ಬೆಳುಗುಪ್ಪದ ರೊಪ್ಪದ ಮುಂದೆ ಇನ್ನೊಂದು ಕುರಿ ಸತ್ತು ಬಿದ್ದಿತ್ತು. ಕದಿರಣ್ಣ ಕಲ್ಲಿಗೆ ಚೂರಿ ಮಸೆಯುತ್ತಿದ್ದ. ಬೀರಕ್ಕ ಜೀಪಿನಿಂದಿಳಿದವಳೇ ಅವನ ಮಣಿಕಟ್ಟು ಹಿಡಿದಳು. ಅತ್ತೆ ಎಂದೂ ಮುಟ್ಟದ ಕೈ ಅದು. ಚೂರಿ ಕೆಳಗೆ ಬಿತ್ತು.

ವಿಷಯ ತಿಳಿದ ಗೌರಕ್ಕ ತಾಯಿಯನ್ನೊಮ್ಮೆ, ಜೀಪನ್ನೊಮ್ಮೆ ನೋಡಿದಳು. "ಎಲ್ರವ್ವನೂ ಮಗಳ ಮನೆಗೆ ಸೀರೆ ತತ್ತಾರೆ. ನೀನು ಜೀಪು ತಂದ್ಬುಟ್ಟೆ." ಮುಖ ತಿರುಗಿಸಿ ರೊಪ್ಪದೊಳಗೆ ಹೋದಳು.

ಆಳವಾಗಿ ಗುಂಡಿ ತೋಡಿ, ಸತ್ತದ್ದನ್ನು ಕೊಯ್ಯದೆ, ಸುಣ್ಣ ಸುರಿದು ಮುಚ್ಚಿದರು. ಡಾಕ್ಟರು ಹೇಳುವವರೆಗೆ ಒಂದು ಮರಿಯೂ ಊರು ದಾಟುವಂತಿಲ್ಲವೆಂದಾಯಿತು. ಉಳಿದವಕ್ಕೆ ಸೂಜಿಮದ್ದು. ಗೌರಕ್ಕ ಒಂದೊಂದನ್ನೇ ಹಿಡಿದು ಕೊಡುತ್ತಿದ್ದಳು. ಬಳುವಳಿಯ ಸಂತತಿಯ ಮುದಿ ಕುರಿಯೊಂದು ಸೂಜಿ ಕಂಡು ಕೊಸರಾಡಿತು. ಅದರ ಸೀಳುಗಿವಿಯನ್ನು ನೇವರಿಸುತ್ತ ಗೌರಕ್ಕ ಮೆಲ್ಲಗೆ ಶುರುಮಾಡಿದಳು. ಕೊಯ್ದ ಕೈಯೇ ಕಾಯಲಿ, ಹೋದ ಹಾದೀಲಿ ಹುಲ್ಲಿರಲಿ... ಅಲ್ಲಿಗೆ ನೆನಪು ನಿಂತಿತು. ತಲೆಯೆತ್ತಿ ತಾಯಿಯತ್ತ ನೋಡಿದಳು.

"ಕರೆದರೆ ಓಗೊಡಲಿ," ಎಂದಳು ಬೀರಕ್ಕ.

ಕುರಿ ಮಿಸುಕದೆ ನಿಂತಿತು.