ಧರ್ಣಪ್ಪಣ್ಣನ ಬೆನ್ನಿನ ನೀರು

ಮೂಡುಬಿದಿರೆಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ನಾನು, ರಶೀನಾ, ಹನ್ನೊಂದು ವರ್ಷದಿಂದ ಇದ್ದೇನೆ. ರಕ್ತ, ಕಫ, ಮೂತ್ರ ಎಲ್ಲ ನೋಡಿ ಆಯ್ತು. ಅವು ಯಾವುದೂ ತಲೆ ತಿನ್ನುವುದಿಲ್ಲ. ತಲೆ ತಿನ್ನುವುದು ಅದರ ಜೊತೆ ಬರುವ ಜನ.

ಮೊನ್ನೆ ಮಂಗಳವಾರ ವಾಮದಪದವಿನ ಧರ್ಣಪ್ಪಣ್ಣನ ಬೆನ್ನುಮೂಳೆಗೆ ಸೂಜಿ ಚುಚ್ಚಿ ತೆಗೆದ ನೀರು ಬಂತು. ಮನುಷ್ಯನಿಗೆ ಮೂರು ವಾರದಿಂದ ತಲೆನೋವು, ಎರಡು ದಿನದಿಂದ ಹೆಂಡತಿಯ ಗುರುತೂ ಇಲ್ಲ. ನೀರಿಗೆ ಒಂದು ಹನಿ ಕಪ್ಪು ಶಾಯಿ ಸೇರಿಸಿ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಕಪ್ಪಿನ ನಡುವೆ ಗುಂಡಗಿನ ಕಣಗಳು, ಒಂದೊಂದರ ಸುತ್ತ ಬೆಳ್ಳಗಿನ ಬಳೆ. ಫಂಗಸ್, ಅದೂ ಮೆದುಳಿನ ಪೊರೆಗೆ.

ಡಾಕ್ಟ್ರು ಮನೆಯವರನ್ನು ಲ್ಯಾಬಿಗೇ ಕರೆದರು. "ಇವತ್ತೇ ಇಂಜೆಕ್ಷನ್ ಶುರು ಮಾಡಬೇಕು. ಕಿಡ್ನಿಗೆ ಪೆಟ್ಟು ಬೀಳಬಹುದು, ಆದರೆ ತಡವಾದರೆ ಜೀವವೇ ಉಳಿಯುವುದಿಲ್ಲ. ಸಹಿ ಹಾಕಿ."

ಹೆಂಡತಿ ಪದ್ಮಾಕ್ಷಿಯಕ್ಕ ಪೆನ್ನು ಹಿಡಿದರು, ಮತ್ತೆ ಕೆಳಗಿಟ್ಟರು. "ಫಂಗಸ್ ಹೌದೋ ಅಲ್ಲವೋ ಅಂತ ನಮ್ಮ ಇವರೇ ಹೇಳಬೇಕಲ್ಲ?"

ನನಗೆ ಅರ್ಥವಾಗಲಿಲ್ಲ. ಮಗ ಸಂದೇಶ್ ಬಿಡಿಸಿ ಹೇಳಿದ. ಅವರ ಊರಿನಲ್ಲಿ ಅಡಿಕೆಗೆ ಫಂಗಸ್ ಹಿಡಿದು ಕೊಳೆರೋಗ ಬಂತು ಅಂತ ಹೇಳುವವರು ಧರ್ಣಪ್ಪಣ್ಣ ಒಬ್ಬರೇ. ಬಿದ್ದ ಕಾಯಿಯನ್ನು ಅವರು ಕೈಯಲ್ಲಿ ಹಿಡಿದು ನೋಡದೆ ಯಾರೂ ಮರಕ್ಕೆ ಮದ್ದು ಬಿಡುವುದಿಲ್ಲ. ಕೃಷಿ ಆಫೀಸರೇ ಬಂದು ಹೇಳಿದಾಗಲೂ ಅವರಿಗೆ ಶರಬತ್ತು ಕೊಟ್ಟು ಕಳಿಸಿ, ಧರ್ಣಪ್ಪಣ್ಣ ಬರುವವರೆಗೆ ಕಾದಿದ್ದರಂತೆ.

"ಅದು ಅಡಿಕೆ ಮಾರಾಯ್ರೆ, ಇದು ಮನುಷ್ಯ!" ಅಂತ ಕಿರುಚಿದೆ.

"ಫಂಗಸ್ ಫಂಗಸೇ ಅಲ್ವಾ?" ಅಂದದ್ದು ಅವರ ಜೊತೆ ಬಂದಿದ್ದ ಮೊಯಿದಿನಬ್ಬ, ಇಪ್ಪತ್ತು ವರ್ಷದಿಂದ ಧರ್ಣಪ್ಪಣ್ಣನ ತೋಟದಲ್ಲಿ ಮರ ಹತ್ತಿ ಮದ್ದು ಬಿಡುವವರು. ಅವರ ಚೀಲದಲ್ಲಿ ಅಡಿಕೆಯ ಮದ್ದಿಗೆ ಬೆರೆಸುವ ಮೈಲುತುತ್ತು, ಸುಣ್ಣ ಎರಡೂ ಇತ್ತು. "ಈ ಇಂಜೆಕ್ಷನಿಗೆ ಸುಣ್ಣ ಎಷ್ಟು ಹಾಕ್ತಾರೆ? ಇವತ್ತು ಬಿಸಿಲುಂಟು, ಬಿಟ್ಟರೆ ಚೆನ್ನಾಗಿ ಹಿಡೀತದೆ."

ಯಾ ಅಲ್ಲಾಹ್! ಸ್ಲೈಡು ತೆಗೆದು ಗೋಡೆಗೆ ಎಸೆಯುವಷ್ಟು ಸಿಟ್ಟು ಬಂತು ನನಗೆ.

ಡಾಕ್ಟ್ರು ಬೈದರು, ಬೇಡಿಕೊಂಡರು, ಮತ್ತೆ ಬೈದರು. ಪದ್ಮಾಕ್ಷಿಯಕ್ಕ ಅಳುತ್ತಲೇ ತಲೆ ಅಲ್ಲಾಡಿಸಿದರು. "ನಾನು ತಪ್ಪು ಮದ್ದು ಬಿಡಿಸಿದರೆ ಎದ್ದ ಮೇಲೆ ಇವರಿಗೆ ಎಂತ ಹೇಳುವುದು?" ಕೊನೆಗೆ ಡಾಕ್ಟ್ರು ಗಡಿಯಾರ ನೋಡಿ, "ಕರ್ಕೊಂಡು ಬನ್ನಿ, ನೋಡಲಿ" ಅಂದುಬಿಟ್ಟರು.

ಹಾಗೆ ಧರ್ಣಪ್ಪಣ್ಣ ತನ್ನ ಬೆನ್ನಿನ ನೀರನ್ನು ತಾನೇ ಪರೀಕ್ಷೆ ಮಾಡಲು ಗಾಲಿಕುರ್ಚಿಯಲ್ಲಿ ಲ್ಯಾಬಿಗೆ ಬಂದರು. ಶುಗರ್ ಟೆಸ್ಟಿಗೆ ಕೂತವರೆಲ್ಲ ಎದ್ದು ದಾರಿ ಬಿಟ್ಟರು. ವಿಟ್ಲದವರೊಬ್ಬರು ಮೆಲ್ಲಗೆ ನನ್ನನ್ನು ಕೇಳಿದರು, "ಇವರದ್ದು ಮುಗಿದ ಮೇಲೆ ನಮ್ಮ ಕಾಳುಮೆಣಸಿನ ಬಳ್ಳಿಯ ವಿಷಯ ಸ್ವಲ್ಪ ಕೇಳಬಹುದಾ?"

ಸಂದೇಶ್ ಅಪ್ಪನ ತಲೆ ಹಿಡಿದು ಕಣ್ಣನ್ನು ಮೈಕ್ರೋಸ್ಕೋಪಿಗೆ ತಾಗಿಸಿದ. ಬೆರಳು ತಾನಾಗಿ ಫೋಕಸಿನ ತಿರುಪಿನ ಮೇಲೆ ಬಂದು ನಿಂತಿತು. ತುಂಬ ಹೊತ್ತು ನೋಡಿದರು. ನಾನೂ ಪಕ್ಕದಲ್ಲೇ ನಿಂತು ಕಾದೆ. ಹನ್ನೊಂದು ವರ್ಷದಲ್ಲಿ ನನ್ನ ರಿಪೋರ್ಟಿಗೆ ಇಷ್ಟು ಹೆದರಿದ್ದು ಇದೇ ಮೊದಲು.

"ಫಂಗಸೇ," ಅಂದರು ಕೊನೆಗೆ. "ಬುಡಕ್ಕೇ ಇಳಿದಿದೆ. ಯಾರ ತೋಟ ಇದು?"

ಪದ್ಮಾಕ್ಷಿಯಕ್ಕ ಹತ್ತಿರ ಹೋಗಿ "ನಮ್ಮದು" ಅಂದರು.

ಧರ್ಣಪ್ಪಣ್ಣ ತಲೆ ಎತ್ತಿ ಅವರನ್ನು ನೋಡಿದರು. ಹೊರಗಿನವರ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ, "ಅಕ್ಕಾ, ನಿಮ್ಮ ಯಜಮಾನ್ರು ಮನೆಯಲ್ಲಿ ಇದ್ದಾರಾ? ಇವತ್ತೇ ಮದ್ದು ಬಿಡಲಿಕ್ಕೆ ಹೇಳಿ. ಇನ್ನೂ ಉಳಿಸಬಹುದು" ಅಂದರು.

"ಹೇಳ್ತೇನೆ," ಅಂದರು ಪದ್ಮಾಕ್ಷಿಯಕ್ಕ. ನನ್ನ ಮೇಜಿನ ಮೇಲೆಯೇ ಕಾಗದ ಇಟ್ಟು ಸಹಿ ಹಾಕಿದರು.