ಟಿಕೆಟ್ಟು ಕೊಂಡ ಹೆಂಗಸು

ಮಂಡ್ಯದಿಂದ ಮಳವಳ್ಳಿಗೆ ನೇರ ಬಸ್ಸಿರುವಾಗ ಮದ್ದೂರು ಸುತ್ತಿಕೊಂಡು ಹೋಗುವವರಿಗೆ ತಲೆ ಕೆಟ್ಟಿರಬೇಕು ಎನ್ನುತ್ತೀರಿ. ಶಬ್ರೀನಳ ತಲೆ ನೆಟ್ಟಗೇ ಇತ್ತು. ಮಂಡ್ಯದ ಬಸ್ ಸ್ಟ್ಯಾಂಡಿನಲ್ಲಿ ಅವಳ ಕೈಯಲ್ಲಿ ಬ್ಲೌಸ್ ಹೊಲಿಸಿಕೊಂಡ ಹೆಂಗಸರು ಯಾವಾಗಲೂ ಒಬ್ಬರಲ್ಲ ಒಬ್ಬರು ಸಿಗುತ್ತಾರೆ. ಮದ್ದೂರಿನಲ್ಲಿ ಗುರುತಿನ ನರಪಿಳ್ಳೆ ಇಲ್ಲ. ಅಲ್ಲಿನ ಶೌಚಾಲಯಕ್ಕೆ ಹೋಗಿ, ಬುರ್ಖಾ ಕಳಚಿ, ಮಡಿಸಿ ಬ್ಯಾಗಿಗೆ ತುರುಕಿ, ಹಸಿರು ಚೂಡಿದಾರದಲ್ಲಿ ಹೊರಗೆ ಬಂದಳು. ಏಪ್ರಿಲ್ ಸೆಕೆಯಲ್ಲಿ ಕತ್ತಿಗೆ ಗಾಳಿ ತಾಗಿ ಹಾಯೆನಿಸಿತು.

ಆಸೆ ದೊಡ್ಡದೇನಲ್ಲ. ಒಂದು ದಿನ ಒಬ್ಬಳೇ ಹೋಗಿ ಮಳವಳ್ಳಿಯಾಚೆಯ ಗಗನಚುಕ್ಕಿ ಜಲಪಾತ ನೋಡಿ ಬರಬೇಕು, ಯಾರೂ ತನ್ನನ್ನು ತಿರುಗಿ ನೋಡಬಾರದು, ಅಷ್ಟೆ. ಹೋದ ಬೇಸಿಗೆಯಲ್ಲಿ ಅಣ್ಣನ ಸಂಸಾರದ ಜತೆ ಹೋಗಿದ್ದಾಗ ಚುರುಮುರಿಯವನು ಬುರ್ಖಾ ನೋಡಿದವನೇ ಹರಕು ಹಿಂದಿ ಶುರುಮಾಡಿದ್ದ. ಖಾರ ಕಮ್ಮಿ ಹಾಕಪ್ಪ ಅಂದರೆ, ಕನ್ನಡ ಚೆನ್ನಾಗಿ ಕಲ್ತಿದ್ದೀರಲ್ಲ ಎಂದು ಹೊಗಳಿದ. ಮುತ್ತಜ್ಜನ ಕಾಲದಿಂದ ಇದೇ ಮಣ್ಣಲ್ಲಿ ಬಿದ್ದಿರುವವಳಿಗೆ ಇವನ ಸರ್ಟಿಫಿಕೇಟು ಬೇರೆ. ಮೈ ಉರಿದುಹೋಗಿತ್ತು.

ಬಸ್ಸು ಹೊರಟಿತು. ಹೆಂಗಸರಿಗೆ ಬಸ್ಸು ಬಿಟ್ಟಿ; ಆಧಾರ್ ಕಾರ್ಡು ತೋರಿಸಿದರಾಯಿತು. ಆದರೆ ಕಾರ್ಡಿನ ಮೇಲೆ ಹೆಸರಿರುತ್ತದಲ್ಲ. ಶಬ್ರೀನ್ ದುಡ್ಡು ಚಾಚಿದಳು. ಕಂಡಕ್ಟರು ಅವಳ ಮುಖವನ್ನೊಮ್ಮೆ ನೋಡಿ ಟಿಕೆಟ್ಟು ಹರಿದ. ಅವಳು ಪರ್ಸನ್ನು ಬ್ಯಾಗಿನೊಳಗೆ ಬುರ್ಖಾದ ಅಡಿಗೆ ತಳ್ಳಿ ಜಿಪ್ಪೆಳೆದಳು.

ಕಿಟಕಿಯ ಪಕ್ಕ ಕೂತಿದ್ದವಳು ಬೆಸಗರಹಳ್ಳಿಯ ಹೊಂಬಾಳಮ್ಮ. ಅವಳಿಗೆ ತಡೆಯಲಾಗಲಿಲ್ಲ.

"ಯಾಕಮ್ಮ ದುಡ್ ಕೊಟ್ಟೆ, ಕಾರ್ಡ್ ತಂದಿಲ್ವಾ?"

"ಮರೆತುಬಿಟ್ಟೆ."

"ಸರೋಯ್ತು. ಎಸ್ರೇನು?"

"ಶಶಿರೇಖಾ." ಬ್ಲೌಸಿನ ಗಿರಾಕಿಯೊಬ್ಬಳ ಹೆಸರು ಬಾಯಿಗೆ ಬಂತು.

"ಬರೀ ಅಣೇಲಿ ಬಂದ್ಬುಟ್ಟಿದ್ದೀಯಲ್ಲ ಸಸಿರೇಖಾ," ಎಂದು ಹೊಂಬಾಳಮ್ಮ ತನ್ನ ಚೀಲದಿಂದ ಸ್ಟಿಕ್ಕರ್ ಬೊಟ್ಟು ತೆಗೆದು ಅಂಟಿಸಿಯೇಬಿಟ್ಟಳು. ತನ್ನ ಮುಡಿಯ ಮಲ್ಲಿಗೆಯಲ್ಲೂ ಅರ್ಧ ಹರಿದುಕೊಟ್ಟಳು. ಆಮೇಲೆ ಸೊಸೆಯ ಸೆಡವು, ಮಂಡಿನೋವು, ಸೀಮೆಹಸು ಹಾಲು ಕಮ್ಮಿ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಬಸ್ಸಿನಲ್ಲಿ ಪಕ್ಕದವರು ಯಾವತ್ತೂ ಹೀಗೆ ತನಗೆ ಮನೆಸುದ್ದಿ ಹೇಳಿರಲಿಲ್ಲ ಎಂದು ಶಬ್ರೀನಳಿಗೆ ಹಿತವೂ ಆಯಿತು, ಹೊಟ್ಟೆಯೂ ಉರಿಯಿತು.

ಕೆ.ಎಂ. ದೊಡ್ಡಿಯಲ್ಲಿ ಬುರ್ಖಾ ತೊಟ್ಟ ಮುದುಕಿಯೊಬ್ಬಳು ಹತ್ತಿದಳು. ಅವಳು ಕೊಟ್ಟ ಕಾಗದವನ್ನು ಕಂಡಕ್ಟರು ಜೋರಾಗಿ ಓದಿದ. "ಮಹಬೂಬ್ ಬೀ. ಇದು ಜೆರಾಕ್ಸು ಕಣಜ್ಜಿ. ಒರಿಜಿನಲ್ ತೋರ್ಸು, ಇಲ್ದಿದ್ರೆ ಟಿಕೆಟ್ ತಗೋ."

ಹೆಸರು ಕಿವಿಗೆ ಬಿದ್ದದ್ದೇ ಮುಂದಿನ ಸೀಟಿನವರೆಲ್ಲ ತಿರುಗಿದರು.

"ಒರಿಜಿನಲ್ ಮಗನತ್ರ ಅದೆ ಕಣಪ್ಪ. ಮೊಮ್ಮಗ್ಳಿಗೆ ಎರಿಗೆ ಆಗ್ಯದೆ, ಮಳವಳ್ಳಿ ಆಸ್ಪತ್ರೆಗೆ ಓಯ್ತಾ ಇವ್ನಿ."

"ಅಂಗಾದ್ರೆ ಮುಂದಿನ ಸ್ಟಾಪಲ್ಲಿ ಇಳ್ಕೋ."

ಮುದುಕಿ ಕಂಬಿ ಹಿಡಿದುಕೊಂಡು ಶಬ್ರೀನಳತ್ತ ಬಾಗಿದಳು. "ಟಿಕೆಟ್ಟಿಗೆ ಕೊಡವ್ವ. ಮಗ ಸ್ಟ್ಯಾಂಡಿಗೆ ಬತ್ತಾನೆ, ಇಸ್ಕೊಡ್ತೀನಿ."

ಜಿಪ್ಪೆಳೆದರೆ ಕಪ್ಪು ಬಟ್ಟೆಯೇ ಮೊದಲು ಹೊರಗೆ ಬರುತ್ತದೆ. ಹೊಂಬಾಳಮ್ಮ ನೋಡುತ್ತಾಳೆ. ಬೊಟ್ಟು, ಮಲ್ಲಿಗೆ, ಇವತ್ತಿನ ಒಂದು ದಿನ, ಎಲ್ಲ ಅಲ್ಲಿಗೆ ಮುಗಿಯಿತು. 'ಇರಿ ನಾನೀಮಾ' ಎಂದು ತನ್ನಜ್ಜಿಯನ್ನು ಕರೆಯುವಂಥ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು. ಶಬ್ರೀನ್ ಬ್ಯಾಗನ್ನು ತೊಡೆಗೆ ಅವಚಿಕೊಂಡಳು.

"ದುಡ್ಡಿಲ್ಲ," ಅಂದಳು.

"ಇವ್ರದ್ದು ಯಾವತ್ತೂ ಇದ್ದಿದ್ದೇ," ಎಂದು ಹೊಂಬಾಳಮ್ಮ ಗೊಣಗಿದಳು. ಗೊಣಗುತ್ತಲೇ ಸೊಂಟದ ಸಂಚಿ ಬಿಚ್ಚಿದಳು. "ತಗಳಯ್ಯ, ಅರಿ ಒಂದ್ ಟಿಕೆಟ್ಟ. ಈ ಬಿಸ್ಲಲ್ಲಿ ಮುದ್ಕೀನ ಇಳುಸ್ತೀಯಾ? ನಿಂಗೂ ಒಬ್ಳು ಅವ್ವ ಇಲ್ವಾ?"

ದುಡ್ಡು ಬಿಚ್ಚಬೇಕಾಗಿದ್ದವಳು ಯಾರು, ಬಿಚ್ಚಿದವಳು ಯಾರು. ಶಬ್ರೀನಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಹಬೂಬ್ ಬೀ ಅವಳ ತಲೆಯ ಮೇಲಿನಿಂದಲೇ ಕೈ ನೀಡಿ ಹೊಂಬಾಳಮ್ಮನ ನೆತ್ತಿ ಮುಟ್ಟಿದಳು, ಉರ್ದುವಿನಲ್ಲಿ ಹರಸಿದಳು. ಶಬ್ರೀನ್ ಶಾಲೆಗೆ ಹೊರಟಾಗಲೆಲ್ಲ ಅವಳಜ್ಜಿ ಬಾಗಿಲಲ್ಲಿ ನಿಂತು ಹೇಳುತ್ತಿದ್ದುದೂ ಅದೇ ಮಾತು, ಒಂದಕ್ಷರ ಬದಲಿಲ್ಲ. ಮುದುಕಿ ಹಿಂದಿನ ಸೀಟಿಗೆ ಹೋಗಿ ಕೂತಳು.

"ಅದೇನಂದ್ಲೋ ಕಾಣೆ. ಒಳ್ಳೇದ್ನೇ ಅಂದಿರ್ತಾಳೆ ಬುಡು," ಅಂದಳು ಹೊಂಬಾಳಮ್ಮ. "ನಿಂಗೇನಾರ ತಿಳೀತಾ, ಸಸಿರೇಖಾ?"

"ಇಲ್ಲ," ಅಂದಳು ಶಬ್ರೀನ್.