ಗುಳಿಗೆ ಮುಚ್ಚುವ ಬಾಗಿಲು

ಡ್ರಮ್ಮಿನ ನೀರಿನಲ್ಲಿ ಬಿಳಿ ಗೊಬ್ಬರ ಕರಗುತ್ತಿದೆ, ಕೈಯಿಟ್ಟರೆ ತಣ್ಣಗೆ ಕೊರೆಯುತ್ತದೆ, ಇದು ಕ್ಯಾಲ್ಸಿಯಂ, ಡ್ರಿಪ್ ಪೈಪಿನಲ್ಲಿ ಬಳ್ಳಿಗೆ ಇದನ್ನು ಬಿಡದಿದ್ದರೆ ದ್ರಾಕ್ಷಿ ಬಿರಿಯುತ್ತದೆ, ಇಡೀ ಅಥಣಿ ತಾಲೂಕಿಗೆ ಗೊತ್ತಿರುವ ಮಾತು, ಆ ಚಿಕ್ಕೋಡಿಯ ಡಾಕ್ಟರೊಬ್ಬನಿಗೆ ಮಾತ್ರ ಗೊತ್ತಿಲ್ಲವಲ್ಲ ಎಂದು ಜಯಪಾಲನಿಗೆ ಮತ್ತೆ ಸಿಟ್ಟು ಬಂತು, ಏನು ಓದಿದ್ದಾನೋ ಏನೋ, ಕಾಗದದ ಮೇಲೆ ಸೊನ್ನೆ ಬರೆದು, ನೋಡ್ರಿ ಜಯಪಾಲ, ಇದು ನರಕೋಶ, ಇದಕ್ಕ ಸಣ್ಣ ಸಣ್ಣ ಬಾಗಿಲಾ ಅದಾವ, ಅದರಾಗ ಹಾದು ಕ್ಯಾಲ್ಸಿಯಂ ಒಳಗ ಹೊಕ್ಕರ ಕೋಶ ಗದ್ದಲಾ ಮಾಡತೈತಿ, ಇಲ್ಲದ ದನಿ ಕೇಳೂದಕ್ಕ ಕೊಡೂ ಈ ಗುಳಿಗಿ ಬ್ಯಾರೆ ಕೆಲಸಾನೂ ಮಾಡತೈತಿ, ಆ ಬಾಗಿಲಾನೂ ಒಂದಿಷ್ಟು ಮುಚ್ಚತೈತಿ ಅಂದ — ಮುಚ್ಚಿದರೆ? ಹೋದ ವರ್ಷ ಮೂಲೆಯ ನಾಲ್ಕು ಸಾಲಿಗೆ ಕ್ಯಾಲ್ಸಿಯಂ ಮುಟ್ಟಲಿಲ್ಲ, ಸಿಪ್ಪೆ ಬಿರಿದು ರಸ ಸೋರಿ ಗೊನೆಗೆಲ್ಲ ಇರುವೆ ಮುತ್ತಿದವು, ತಲೆಯೂ ಹಾಗೇ ಬಿರಿಯುವುದಿಲ್ಲವೇ, ಅದಕ್ಕೇ ಎಂಟು ದಿನದಿಂದ ಗುಳಿಗೆಯನ್ನು ದವಡೆಯಲ್ಲಿ ಒತ್ತಿಟ್ಟುಕೊಂಡು ಹಿತ್ತಲಿಗೆ ಹೋಗಿ ಉಗುಳುತ್ತಿದ್ದಾನೆ, ನುಂಗಿದ್ರಿಲ್ಲೋ ಎಂದು ಹೆಂಡತಿ ರೂಪಾಲಿ ದಿನಾ ಕೇಳುತ್ತಾಳೆ, ಇವನು ಹೂಂ ಅನ್ನುತ್ತಾನೆ, ಪಾಪ, ನಂಬುತ್ತಾಳೆ —

ಪಪ್ಪಾ — ಬಳ್ಳಿಯ ಸಾಲಿನ ಆಚೆಯಿಂದ ಕರೆದದ್ದು ಮಗಳು ನೀಲಮಳ ದನಿ, ಆದರೆ ನಿನ್ನೆಯೂ ಅದೇ ದನಿ ಕರೆದಿತ್ತು, ಬಿದ್ದು ಎದ್ದು ಓಡಿ ಹೋದರೆ ಯಾರೂ ಇರಲಿಲ್ಲ, ಅವಳು ಶಾಲೆಯಲ್ಲಿದ್ದಳು, ಆಸ್ಪತ್ರೆಯಲ್ಲಿ ಹೇಳಿಕೊಟ್ಟಿದ್ದರು, ಇಲ್ಲದ ದನಿ ಬಂದ್ರ ಕಿವಿಗೊಡಬ್ಯಾಡ್ರಿ, ಕೈಯಾನ ಕೆಲಸಾ ಬಿಡಬ್ಯಾಡ್ರಿ, ಅದಕ್ಕೇ ಕೋಲು ಹಿಡಿದು ಡ್ರಮ್ಮು ಕಲಕುತ್ತಾನೆ, ಪಪ್ಪಾ, ಅವ್ವ ಕರ್ಯಾಕತ್ತಾಳ, ಕಲಕು, ಕಲಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ, ಇವತ್ತು ಶಾಲೆ ಉಂಟೋ ಇಲ್ಲವೋ, ಆದಿತ್ಯವಾರವೋ ಸೋಮವಾರವೋ, ನೆನಪಾಗುತ್ತಿಲ್ಲ, ಪಪ್ಪಾ, ನನ್ನ ಮ್ಯಾಲ ಸಿಟ್ಟಾಗೀರೇನ, ಈಗ ದನಿಯಲ್ಲಿ ಅಳು ಬೇರೆ, ಇದೊಂದು ಹೊಸ ಆಟ, ಮೋಸ ಹೋಗಬಾರದು, ಗುಳಿಗೆ ನುಂಗುತ್ತಿದ್ದಾಗ ಹೀಗಿರಲಿಲ್ಲವಲ್ಲ, ಕರೆದರೆ ಅವಳೇ ಕರೆದಿರುತ್ತಿದ್ದಳು, ಓ ಅಂದರೆ ಮುಗಿಯಿತು, ತಲೆ ಬಿರಿಯುವುದು ಆ ಬಾಗಿಲು ಮುಚ್ಚಿದ್ದಕ್ಕೋ ತೆರೆದದ್ದಕ್ಕೋ, ಯಾರನ್ನು ಕೇಳುವುದು, ಅಯ್ಯೋ, ಕಾಲಿನ ಮೇಲೆ ಸುರ್ರೆಂದು ಏನೋ ಬಿತ್ತು, ಬಿಸಿ, ಚಹಾ, ತಿರುಗಿದರೆ ಎಂಟು ವರ್ಷದ ನೀಲಮ ಲೋಟ ಹಿಡಿದು ನಿಂತಿದ್ದಾಳೆ, ಯಾವಾಗ ಬಂದಳೋ, ಕೆನ್ನೆಯೆಲ್ಲ ಒದ್ದೆ, ಎಷ್ಟ ಸರ್ತಿ ಕರೀಲಿ ಪಪ್ಪಾ ಅಂದಳು, ಕೇಳಿತ್ತವ್ವಾ, ಎಲ್ಲಾ ಸರ್ತಿನೂ ಕೇಳಿತ್ತು, ಎಂದುಕೊಳ್ಳುತ್ತ ತಲೆ ಸವರಬೇಕೆಂದು ಕೈ ಎತ್ತಿದ, ಇವಳೂ ಇಲ್ಲದವಳಾಗಿ ಕೈಗೆ ಏನೂ ಸಿಗದಿದ್ದರೆ, ಎತ್ತಿದ ಕೈ ಎತ್ತಿದಲ್ಲೇ ನಿಂತಿತು, ಮಗಳು ಆ ಕೈ ನೋಡಿದಳು, ಒಂದು ಹೆಜ್ಜೆ ಹಿಂದೆ ಸರಿದಳು, ಹೊಡೆಯುತ್ತಾನೆ ಅಂದುಕೊಂಡಳು, ಅವನು ಎಂದೂ ಹೊಡೆದವನಲ್ಲ, ಕುತ್ತಿಗೆ ಒಳಗೆಳೆದುಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿದಳು, ಆ ಕಣ್ಣು, ಏಟಿಗೆ ಕಾಯುತ್ತಿರುವ ಆ ಎರಡು ಕಣ್ಣು, ಆ ಕಣ್ಣು —